ಆರರಲ್ಲಿ ಐದು ಪಾಲು

ಜೂನ್ ೩, ಸೋಮವಾರ

ಇವತ್ತು ಬರೆಯದಿದ್ದರೆ ತಿಂದ ಅನ್ನ ಜೀರ್ಣವಾಗುವುದಿಲ್ಲ. ಇವರಿಗೆ ಹೇಳಿದರೆ "ಬಿಡು ಅತ್ಲಾಗೆ" ಎನ್ನುತ್ತಾರೆ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಇವರು ಬಿಡು ಎಂದದ್ದನ್ನೆಲ್ಲ ಬಿಟ್ಟಿದ್ದರೆ ಈ ಮನೆಯಲ್ಲಿ ಗೋಡೆ ಮಾತ್ರ ಉಳಿಯುತ್ತಿತ್ತು. ಮಗಳಿಗೆ ಹೇಳುವಂತಿಲ್ಲ. ಅವಳು ಆ ಪಕ್ಷದವಳು.

ನಮ್ಮ ನಿಘಂಟಿನ ಹೊಸ ಪದಗಳ ಸಂಪುಟಕ್ಕೆ ವಿಜ್ಞಾನದ ತಜ್ಞರೊಬ್ಬರು ಬರುತ್ತಾರೆ ಎಂದು ಪ್ರಧಾನ ಸಂಪಾದಕರು ಹೋದ ವಾರವೇ ಹೇಳಿದ್ದರು. ಅವರನ್ನು ಕಚೇರಿಯಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತೇವೆ, ಎತ್ತರ ಐದಡಿ. ಯಾರೋ ಬೋಳುತಲೆಯ ಮುದುಕ ಬಂದಾನು ಎಂದುಕೊಂಡಿದ್ದೆ. ಹನ್ನೊಂದು ಗಂಟೆಗೆ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ನನ್ನ ಓರಗಿತ್ತಿ. ಮೈದುನನ ಹೆಂಡತಿ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ನಮ್ಮ ಪ್ರೊಫೆಸರಮ್ಮ.

"ಅಕ್ಕಾ, ಹೆದರಿಸಿಬಿಟ್ನಾ?"

"ಇಲ್ಲಮ್ಮ, ಸಂತೋಷ" ಎಂದೆ. ಸಂತೋಷ ಎಂಬ ಪದಕ್ಕೆ ನಮ್ಮ ನಿಘಂಟಿನಲ್ಲಿ ನಾಲ್ಕು ಅರ್ಥ ಕೊಟ್ಟಿದ್ದೇವೆ. ಇದು ಐದನೆಯದು.

ಮನೆಯಲ್ಲಿ ಅವಳ ಹೊಗಳಿಕೆ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ನೆಂಟರಲ್ಲಿಯೂ ಅವಳದೇ ಮಾತು. ಅವಳ ಹೆಸರನ್ನು ಕೇಳದ ನಾಲ್ಕು ಗೋಡೆ ಅಂತ ಇದ್ದದ್ದು ಈ ಕಚೇರಿಯಲ್ಲಿ. ಹದಿನೆಂಟು ವರ್ಷ ಅದನ್ನು ಕಾಪಾಡಿಕೊಂಡು ಬಂದಿದ್ದೆ.

ದೊಡ್ಡವರು ನನ್ನ ಮೇಜಿನ ಮೇಲಿದ್ದ ಚೀಟಿಗಳ ಡಬ್ಬಿಯನ್ನು ತಾವೇ ಎತ್ತಿ ಅವಳ ಕೈಗೆ ಕೊಟ್ಟರು. "ಇದು ನಿಮ್ಮ ಕ್ಷೇತ್ರ. ಇದರಿಂದಲೇ ಶುರು ಮಾಡಿ." ಅದು ಡಾರ್ಕ್ ಮ್ಯಾಟರ್ ಡಬ್ಬಿ. ಪತ್ರಿಕೆ, ಪಠ್ಯಪುಸ್ತಕ, ಭಾಷಣ, ಎಲ್ಲೆಲ್ಲಿ ಆ ಪದ ಸಿಕ್ಕಿತೋ ಅಲ್ಲೆಲ್ಲ ಇಡೀ ವಾಕ್ಯ ಇಳಿಸಿಕೊಂಡು ಮೂರು ವರ್ಷದಲ್ಲಿ ನಾನು ಕೂಡಿಸಿದ ನಲವತ್ತೊಂದು ಚೀಟಿ.

ಹಸು ಸಾಕಿದವಳು ನಾನು, ಹಾಲು ಕರೆಯುವ ಚೊಂಬು ಅವಳ ಕೈಗೆ.

ಜೂನ್ ೫, ಬುಧವಾರ

ಚೀಟಿಗಳನ್ನು ಅವಳು ಇಸ್ಪೀಟಿನ ಎಲೆಯ ಹಾಗೆ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಒಬ್ಬ ಪತ್ರಕರ್ತ "ಕಪ್ಪು ದ್ರವ್ಯ" ಎಂದಿದ್ದಾನೆ, ಒಬ್ಬ "ಕೃಷ್ಣದ್ರವ್ಯ", ಇನ್ನೊಬ್ಬ "ಕತ್ತಲ ವಸ್ತು". ಆಟದ ಪುಟದವನು ಬೆಂಚಿನ ಮೇಲೆ ಕೂತೇ ಇರುವ ಹನ್ನೆರಡನೆಯ ಆಟಗಾರನನ್ನು ತಂಡದ ಡಾರ್ಕ್ ಮ್ಯಾಟರ್ ಎಂದು ಕರೆದಿದ್ದಾನೆ. ಸಿನಿಮಾ ವಿಮರ್ಶಕನಿಗೆ ಅದು ಖಳನಾಯಕನ ಮನಸ್ಸಿನ ಕೊಳಕು. ಅದನ್ನು ಓದಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಅದನ್ನು ಬರೆದುಕೊಂಡಾಗ ನಕ್ಕಿರಲಿಲ್ಲ. ಅದರಲ್ಲಿ ನಗುವಂಥದ್ದಿದೆ ಎಂದು ನನಗೆ ಗೊತ್ತಾಗಿರಲಿಲ್ಲ.

ಡಬ್ಬಿಯ ಕೊನೆಯಲ್ಲಿ ನಾನು ಬರೆದಿಟ್ಟ ಅರ್ಥವಿವರಣೆ ಇತ್ತು: "ಬಾಹ್ಯಾಕಾಶದಲ್ಲಿರುವ, ಬೆಳಕನ್ನು ಹೀರಿಕೊಳ್ಳುವ ಕಪ್ಪು ಬಣ್ಣದ ದ್ರವ್ಯ." ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಳು. ಮೆಲ್ಲಗೆಯೇ ಎಳೆದಳು, ಆದರೂ ಗೆರೆ ಗೆರೆಯೇ.

"ಅಕ್ಕ, ಇದು ಕಪ್ಪಲ್ಲ. ಕಪ್ಪಾಗಿದ್ರೆ ಹಿಂದೆ ಇರೋದನ್ನ ಮರೆ ಮಾಡ್ಬೇಕಿತ್ತು. ಬೆಳಕನ್ನ ಹೀರೋದೂ ಇಲ್ಲ, ತಡೆಯೋದೂ ಇಲ್ಲ. ಬೆಳಕು ಇದರೊಳಗಿಂದ ಸಲೀಸಾಗಿ ದಾಟಿ ಹೋಗುತ್ತೆ. ಗಾಜಿಗಿಂತ ಸ್ವಚ್ಛ."

"ಮತ್ತೆ ಡಾರ್ಕ್ ಅಂತ ಯಾಕೆ ಹೆಸರಿಟ್ರು?"

"ನಮಗೆ ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ನಾಚಿಕೆ ಅಲ್ವಾ, ಅದಕ್ಕೆ."

ಹಿಂದೆ ನಿಂತಿದ್ದ ದೊಡ್ಡವರು ಗಹಗಹಿಸಿ ನಕ್ಕರು. ಅವರ ಮುಂದೆಯೇ ಆಗಬೇಕಿತ್ತೇ ಇದು?

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನನ್ನದು ಹೊಟ್ಟೆಕಿಚ್ಚಲ್ಲ. ಹೊಟ್ಟೆಕಿಚ್ಚು ಎಂದರೆ ಇನ್ನೊಬ್ಬರ ಏಳಿಗೆಯನ್ನು ಕಂಡು ಸಹಿಸದಿರುವುದು. ಅವಳ ಏಳಿಗೆ ನನಗೆ ಸಹ್ಯವೇ. ಅದು ನನ್ನ ಮೇಜಿನ ಮೇಲೆ ಆಗಬಾರದಿತ್ತು, ಅಷ್ಟೆ.

ಜೂನ್ ೯, ಭಾನುವಾರ

ಅತ್ತೆಗೆ ಫೆಬ್ರವರಿಯಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸೋತಿವೆ. ಎಬ್ಬಿಸುವುದು, ಮೈ ಒರೆಸುವುದು, ಬಟ್ಟೆ ಬದಲಿಸುವುದು, ಮಾತ್ರೆ, ಊಟ, ಆಮೇಲೆ ಕಚೇರಿ, ಸಂಜೆ ಬಂದು ಮತ್ತೆ ಅದೇ. ನಾನು ದೂರುತ್ತಿಲ್ಲ, ಪಟ್ಟಿ ಹೇಳುತ್ತಿದ್ದೇನೆ.

ಪ್ರೊಫೆಸರಮ್ಮ ಭಾನುವಾರದ ದೇವತೆ. ನಾಲ್ಕು ಸೇಬು ಹಿಡಿದುಕೊಂಡು ಬಂದಳು. ಮೈದುನ ಈ ಸಲವೂ ಬರಲಿಲ್ಲ, ಕೆಲಸದ ಮೇಲೆ ಹೋಗಿ ಊರಲ್ಲಿಲ್ಲವಂತೆ. ಇದ್ದ ಊರಾದರೂ ಯಾವುದೋ! ಅವಳು ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಅತ್ತೆ ಕಣ್ಣು ಮುಚ್ಚಿಕೊಂಡು ಹೇಳಿದರು: "ಕೈ ಅಂದ್ರೆ ಇದು ಕೈ. ಹೂವು ಮುಟ್ಟಿದ ಹಾಗಿದೆ."

ಆಗ ನಾನು ಬಚ್ಚಲಲ್ಲಿ ಅವರದೇ ಬಟ್ಟೆ ಒಗೆಯುತ್ತಿದ್ದೆ. ನನ್ನವು ಕೈಯಲ್ಲವೇ, ಸೌದೆಯೇ? ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ.

ಮಗಳು ಚಿಕ್ಕಮ್ಮನ ತೊಡೆಗೆ ಆತುಕೊಂಡು ಕೂತು ಪ್ರಶ್ನೆ ಮೇಲೆ ಪ್ರಶ್ನೆ. ನನ್ನ ಪಕ್ಕ ಕೂತರೆ ಅವಳಿಗೆ ಸೆಕೆಯಾಗುತ್ತದೆ. ಚಿಕ್ಕಮ್ಮ ತಟ್ಟೆಯ ಅಂಚಿನಲ್ಲಿ ಸೇಬಿನ ಹೋಳು ಜೋಡಿಸಿ ವಿವರಿಸಿದಳು. ನಕ್ಷತ್ರಗಳ ಗುಂಪು ಹೀಗೆ ತಿರುಗುತ್ತದೆ. ಕೇಂದ್ರದಿಂದ ದೂರ ಇರುವವು ನಿಧಾನವಾಗಿ ತಿರುಗಬೇಕು. ಆದರೆ ಅಂಚಿನವೂ ಅಷ್ಟೇ ಜೋರಾಗಿ ಓಡುತ್ತವೆ. ಆ ಓಟಕ್ಕೆ ಚೆಲ್ಲಾಪಿಲ್ಲಿಯಾಗಿ ಹಾರಿಹೋಗಬೇಕಿತ್ತು, ಹೋಗಿಲ್ಲ. ಕಣ್ಣಿಗೆ ಕಾಣುವುದಷ್ಟರ ತೂಕ ಅವುಗಳನ್ನು ಹಿಡಿದಿಡಲು ಸಾಲದು. ಕಾಣದ ಏನೋ ಇದೆ.

"ಕಾಣಲ್ಲ ಅಂದ್ಮೇಲೆ ಇದೆ ಅಂತ ಹೆಂಗೆ ಹೇಳ್ತೀಯೇ?" ಅತ್ತೆ ಕೇಳಿದರು.

"ನಿಮ್ಮ ಹಲ್ಲುನೋವು ಯಾರಿಗಾದ್ರೂ ಕಾಣುತ್ತಾ ಅತ್ತೆ? ಆದ್ರೂ ಮನೆಯೆಲ್ಲ ಅದರ ಸುತ್ತಲೇ ತಿರುಗಲ್ವಾ?"

ಅತ್ತೆ ನಕ್ಕರು. ಸೊಟ್ಟಗಾದ ಬಾಯಿಯಲ್ಲಿ, ದನಿ ಮಾಡಿ ನಕ್ಕರು. ನಾಲ್ಕು ತಿಂಗಳಿಂದ ಆ ನಗುವಿಗಾಗಿ ನಾನು ಮಾಡದ ಕೋತಿಯಾಟ ಇಲ್ಲ. ಅವಳಿಗೆ ಒಂದು ಹಲ್ಲು ಸಾಕಾಯಿತು.

ಜೂನ್ ೧೪, ಶುಕ್ರವಾರ

ಡಾರ್ಕ್ ಮ್ಯಾಟರಿಗೆ ನಮ್ಮ ಪದ ಯಾವುದಿರಬೇಕೆಂದು ಸಭೆ. ಕಪ್ಪು ದ್ರವ್ಯ ಬೇಡವೇ ಬೇಡ ಎಂದೆ. ದ್ರವ್ಯ ಎಂದರೆ ದುಡ್ಡು ಎಂಬ ಅರ್ಥವೂ ಇದೆ. ಓದಿದವರು ಕಪ್ಪು ಹಣ ಅಂದುಕೊಳ್ಳುತ್ತಾರೆ. "ಕಾಣದ ದ್ರವ್ಯ" ಇರಲಿ ಎಂದೆ.

ದೊಡ್ಡವರು ಮೂಗು ಮುರಿದರು. "ಕಾಣದ ಕನ್ನಡ, ದ್ರವ್ಯ ಸಂಸ್ಕೃತ. ಅರಿಸಮಾಸ ಆಗಲ್ವೇನ್ರಿ?"

"ಕಾಣದ ಅನ್ನೋದು ಕೃದಂತ ಸಾರ್. ಗಮಕ ಸಮಾಸಕ್ಕೆ ಆ ದೋಷ ಇಲ್ಲ. ಶಾಲೆ ಮಕ್ಕಳೂ ಹೇಳ್ತಾರೆ."

ಕೊನೆಯ ಮಾತು ಸೇರಿಸಬಾರದಿತ್ತು. ಅವರ ಮುಖ ಗಂಟಾಯಿತು. ಆಗ ಪ್ರೊಫೆಸರಮ್ಮ ಬಾಯಿ ತೆರೆದಳು: "ಅಕ್ಕ ಹೇಳಿದ್ದೇ ಸರಿ ಸಾರ್. ಕಪ್ಪು, ಕತ್ತಲೆ ಅನ್ನೋದೆಲ್ಲ ತಪ್ಪು ದಾರಿಗೆ ಎಳೆಯುತ್ತೆ. ಇದು ಕಾಣಲ್ಲ ಅನ್ನೋದೊಂದೇ ನಮಗೆ ಖಾತ್ರಿ."

"ಹಾಗಾದ್ರೆ ಅದೇ ಇರಲಿ" ಎಂದರು ದೊಡ್ಡವರು, ತಕ್ಷಣ.

ಪದ ನನ್ನದು, ವ್ಯಾಕರಣ ನನ್ನದು. ಅದಕ್ಕೆ ಅವಳ ರುಜು ಬೇಕಾಯಿತು. ಹೊರಗೆ ಬಂದ ಮೇಲೆ "ಎಷ್ಟು ಚೆಂದದ ಪದ ಅಕ್ಕ!" ಎಂದಳು. ಬೆನ್ನು ತಟ್ಟಿಸಿಕೊಳ್ಳುವ ಕುದುರೆಯ ಹಾಗೆ ನಿಂತಿದ್ದೆ.

ಜೂನ್ ೨೩, ಭಾನುವಾರ

ಮಗಳ ಪುಸ್ತಕಗಳನ್ನು ಅವಳಿಗೆ ಗೊತ್ತಾಗದ ಹಾಗೆ ಓದುತ್ತಿದ್ದೇನೆ. ಪ್ರೊಫೆಸರಮ್ಮನ ಬರಹದಲ್ಲಿ ಒಂದಾದರೂ ತಪ್ಪು ಹಿಡಿಯಬೇಕು, ಬೇರೆ ಉದ್ದೇಶವಿಲ್ಲ. ದೂರದ ಬೆಳಕು ಕಾಣದ ದ್ರವ್ಯದ ಹತ್ತಿರ ಹಾಯುವಾಗ ಬಾಗುತ್ತದಂತೆ. ಎಷ್ಟು ಬಾಗಿತು ಎಂದು ಅಳೆದು ಅಲ್ಲಿ ಎಷ್ಟು ದ್ರವ್ಯ ಇದೆ ಎಂದು ಲೆಕ್ಕ ಹಾಕುತ್ತಾರಂತೆ. ಗುರುವಾರ ಅದನ್ನು ಓದುತ್ತ ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದೆ. ನಡೆದು ವಾಪಸು ಬಂದೆ. ಎಲ್ಲಾ ಅವಳ ದೆಸೆಯಿಂದ.

ಜುಲೈ ೧, ಸೋಮವಾರ

ಸಿಕ್ಕಿತು.

ಕೊನೆಯ ಕರಡು ನನ್ನ ಮೇಜಿಗೆ ಬಂತು. ಅವಳ ವಿವರಣೆ ಇದು: "ಕಾಣದ ದ್ರವ್ಯ: ಬೆಳಕನ್ನು ಹೊಮ್ಮಿಸದ, ಹೀರದ, ತಡೆಯದ, ಆದುದರಿಂದ ಯಾವ ದೂರದರ್ಶಕಕ್ಕೂ ಕಾಣದ, ನಕ್ಷತ್ರ ಸಮೂಹಗಳ ಮೇಲೆ ಬೀರುವ ಸೆಳೆತದಿಂದ ಮಾತ್ರ ಇದೆಯೆಂದು ತಿಳಿದುಬರುವ ದ್ರವ್ಯ. ಯಾವುದರಿಂದ ಆಗಿದೆಯೆಂಬುದು ಇನ್ನೂ ತಿಳಿದಿಲ್ಲ." ಇಲ್ಲಿಯವರೆಗೆ ಒಂದಕ್ಷರ ಅಲುಗಿಸುವಂತಿಲ್ಲ. ಎರಡು ಸಲ ಓದಿದೆ, ಮೂರನೆಯ ಸಲವೂ ಓದಿದೆ. ಇಂಥ ವಾಕ್ಯ ನಾನು ಯಾಕೆ ಬರೆಯಲಿಲ್ಲ ಎಂದು ಹೊಟ್ಟೆ ಉರಿಯಿತು. ಆಮೇಲೆ ಕೊನೆಯ ಸಾಲು: "ವಿಶ್ವದ ಒಟ್ಟು ದ್ರವ್ಯದಲ್ಲಿ ಸುಮಾರು ಆರರಲ್ಲಿ ಒಂದು ಪಾಲು ಈ ಬಗೆಯದೆಂದು ಅಂದಾಜು."

ಒಂದು ಪಾಲಲ್ಲ, ಐದು ಪಾಲು! ನಾವು ನೋಡುವ ನಕ್ಷತ್ರ, ಗ್ರಹ, ಮೋಡ, ಮೇಜು, ಕುರ್ಚಿ ಎಲ್ಲ ಸೇರಿ ಒಂದು ಪಾಲು. ಉಳಿದ ಐದು ಕಾಣದ್ದು. ಅವಳು ತಿರುವುಮುರುವು ಬರೆದಿದ್ದಾಳೆ. ಎಲ್ಲರಿಗಿಂತ ಚೆನ್ನಾಗಿ ತಿಳಿದವಳೇ ಬರೆದಿದ್ದಾಳೆ.

ನಮ್ಮಲ್ಲಿ ಕೊನೆಯ ಕರಡಿಗೆ ಎರಡು ರುಜು. ವಿಷಯಕ್ಕೆ ತಜ್ಞರದು, ಭಾಷೆಗೆ ನನ್ನದು. ಭಾಷೆಯಲ್ಲಿ ತಪ್ಪಿಲ್ಲ. ವಿಭಕ್ತಿ ಸರಿಯಿದೆ, ಅಲ್ಪವಿರಾಮ ಸರಿಯಿದೆ. ನನ್ನ ರುಜು ಹಾಕಿ ಅವಳ ಮುಂದೆ ಇಟ್ಟೆ. "ಒಮ್ಮೆ ಓದ್ತೀಯಾ?" ಎಂದೂ ಕೇಳಿದೆ. ಅವಳು ಓದದೆ ರುಜು ಹಾಕಿದಳು. ಕಣ್ಣು ಕೆಂಪಾಗಿತ್ತು, ಮುಚ್ಚಳ ಹಾಕದ ಪೆನ್ನನ್ನು ಹಾಗೇ ಚೀಲಕ್ಕೆ ಹಾಕಿಕೊಂಡಳು. ನೆಗಡಿ ಇರಬೇಕು.

ಬಿಡುಗಡೆಯ ದಿನ ಸಭೆಯಲ್ಲಿ ಯಾವನೋ ವಿಜ್ಞಾನದ ಮೇಷ್ಟ್ರು ಎದ್ದು ನಿಲ್ಲುತ್ತಾನೆ. "ಇದನ್ನ ಬರೆದ ತಜ್ಞರು ಯಾರು ಸ್ವಾಮಿ?" ಎನ್ನುತ್ತಾನೆ. ನಾನು ಎರಡನೆಯ ಸಾಲಿನಲ್ಲಿ ಕೂತಿರುತ್ತೇನೆ.

ಜುಲೈ ೨, ಮಂಗಳವಾರ

ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಜುಲೈ ೧೧, ಗುರುವಾರ

ಎಲ್ಲಿಂದ ಶುರು ಮಾಡಲಿ?

ಅವಳು ಮಂಗಳವಾರದಿಂದ ಕಚೇರಿಗೆ ಬಂದಿರಲಿಲ್ಲ. ಇನ್ನೂ ಮೂರು ಪುಟಕ್ಕೆ ರುಜು ಬೇಕಿತ್ತು. ನೀವು ನೆಂಟರಲ್ಲವೇ, ಹೋಗಿಬನ್ನಿ ಎಂದು ದೊಡ್ಡವರು ನನ್ನನ್ನೇ ಅಟ್ಟಿದರು. ಅವಳೂ ಮೈದುನನೂ ಆ ಮನೆಗೆ ಬಂದು ಎರಡು ವರ್ಷ. ಕರೆಯಲಿಲ್ಲ ಎಂದು ನಾನು ಹೋಗಿರಲಿಲ್ಲ.

ಮೂರನೆಯ ಮಹಡಿ. ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ. ಒಳಗೆ ಪುಸ್ತಕದ ಕಪಾಟಿನ ಅರ್ಧ ಖಾಲಿ, ಖಾಲಿ ಜಾಗದಲ್ಲಿ ಧೂಳಿನ ಗೆರೆ. ಮೇಜಿನ ಮೇಲೆ ಒಂದು ತಟ್ಟೆ, ಒಂದು ಲೋಟ, ತಟ್ಟೆಗೆ ಒರಗಿಸಿಟ್ಟ ಪುಸ್ತಕ.

"ಮೈದುನ ಎಲ್ಲಿ?"

"ಇಲ್ಲ ಅಕ್ಕ."

"ಯಾವಾಗ ಬರ್ತಾನೆ?"

"ಬರಲ್ಲ."

ಹೋದ ವರ್ಷ ಜೂನಿನಲ್ಲಿ ಹೋದನಂತೆ. ಬೇರೆ ಊರಲ್ಲಿ, ಬೇರೆಯವಳ ಜೊತೆ ಮನೆ ಮಾಡಿದ್ದಾನೆ. ವಿಚ್ಛೇದನಕ್ಕೆ ವಕೀಲರ ನೋಟೀಸು ಬಂದಿದೆ. ಯಾವಾಗ ಎಂದು ಕೇಳಿದೆ. "ಒಂದನೇ ತಾರೀಖು. ಬೆಳಿಗ್ಗೆ ಕಚೇರಿಗೆ ಹೊರಟಾಗ ಅಂಚೆಯವನು ಮೆಟ್ಟಿಲಲ್ಲೇ ಕೊಟ್ಟ."

ನನಗೆ ಮೊದಲು ಅನಿಸಿದ್ದನ್ನು ಇಲ್ಲಿಯಾದರೂ ಬರೆದುಬಿಡಬೇಕು. ಸದ್ಯ, ಅವಳಿಗೂ ಹೀಗಾಯಿತಲ್ಲ ಅನಿಸಿತು. ಅರ್ಧ ಕ್ಷಣ, ಎದೆಯೊಳಗೆ ಏನೋ ಹಗುರಾಯಿತು. ಆಮೇಲೆ ಅವಳು ಇದ್ದ ಒಂದೇ ಲೋಟವನ್ನು ತೊಳೆದು ಅದರಲ್ಲಿ ನನಗೆ ಕಾಫಿ ಕೊಟ್ಟಳು. ತಾನು ಬಟ್ಟಲಲ್ಲಿ ಕುಡಿದಳು.

"ಪ್ರತಿ ಭಾನುವಾರ ನಮ್ಮನೆಗೆ ನಗ್ತಾ ನಗ್ತಾ ಬರ್ತಿದ್ದೆಯಲ್ಲೇ?"

"ಬೇರೆ ಎಲ್ಲಿ ನಗಲಿ ಅಕ್ಕ?"

ನಾನು ಕಾಫಿ ಲೋಟ ಕೆಳಗಿಟ್ಟೆ.

"ಒಂದು ಕೇಳ್ತೀನಿ, ನೀವು ನಿಘಂಟಿನವರು" ಎಂದಳು. "ಕೋರ್ಟಲ್ಲಿ ಸಹಿ ಬಿದ್ದ ಮೇಲೆ ನಾನು ನಿಮಗೆ ಏನಾಗ್ತೀನಿ? ಅತ್ತೆಗೆ ಏನಾಗ್ತೀನಿ? ಆ ಮಗು ನನ್ನನ್ನ ಏನಂತ ಕರೀಬೇಕು?"

ಮೈದುನನ ಹೆಂಡತಿ ಓರಗಿತ್ತಿ. ಮೈದುನನ ಹೆಂಡತಿಯಾಗಿದ್ದವಳು? ಹದಿನೆಂಟು ವರ್ಷ ಪದಗಳ ನಡುವೆ ಕೂತಿದ್ದೇನೆ. ಆ ಮೂರು ಪುಟಕ್ಕೆ ರುಜು ಹಾಕಿಸಿಕೊಂಡು ಬಂದೆ.

ಸಂಜೆ ಇವರನ್ನು ಕೇಳಿದೆ. ಇವರಿಗೆ ಗೊತ್ತಿತ್ತು! ಮೊದಲ ದಿನದಿಂದ ಗೊತ್ತಿತ್ತು. ಅತ್ತೆಗೂ. ಗೊತ್ತಿಲ್ಲದವರು ನಾನು ಮತ್ತು ಮಗಳು.

"ನನಗೆ ಯಾಕೆ ಹೇಳಲಿಲ್ಲ? ನಾನೇನು ಈ ಮನೇಲಿ ಬಾಡಿಗೆಗೆ ಇರೋಳಾ?"

ಇವರು ಪತ್ರಿಕೆ ಮಡಿಸಿದರು. ಹಾಗೆ ಮಡಿಸುವುದು ವರ್ಷಕ್ಕೊಮ್ಮೆ. "ನಿನಗೆ ಹೇಳ್ಬೇಡಿ ಅಂತ ಅವಳೇ ಕೈಮುಗಿದಳು. ಹೇಳಿದ್ರೆ ಅಕ್ಕ ಪಾಪ ಅಂತಾರೆ, ಅದು ನನಗೆ ತಡೆಯೋಕಾಗಲ್ಲ ಅಂದಳು. ಅಕ್ಕ ನನ್ನ ಮೇಲೆ ಹೊಟ್ಟೆಕಿಚ್ಚು ಪಡೋವರೆಗೂ ನನ್ನ ಹತ್ರ ಇನ್ನೂ ಏನೋ ಉಳಿದಿದೆ ಅನ್ನಿಸುತ್ತೆ ಅಂದಳು."

ಅಂದರೆ ನನ್ನ ಹೊಟ್ಟೆಕಿಚ್ಚು ಊರಿಗೆಲ್ಲ ಗೊತ್ತು. ಸರಿ.

ಅತ್ತೆಯ ಹತ್ತಿರ ಹೋಗಿ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: "ನಿನಗೆ ಗಂಡ ಇದ್ದಾನೆ, ಮಗಳಿದ್ದಾಳೆ. ಅವಳಿಗೆ ಎರಡು ಒಳ್ಳೆ ಮಾತು ಆಡಿದ್ರೆ ನಿನ್ನ ಗಂಟೇನು ಹೋಯ್ತು?"

"ನನಗೂ ಒಂದು ಆಡಬಹುದಿತ್ತು."

ಅತ್ತೆ ಎಡಗೈಯಿಂದ ಹೊದಿಕೆ ಎಳೆದುಕೊಂಡರು. "ನಿನ್ನ ಕೈಯಲ್ಲಿ ಸಾಯೋಕೆ ನನಗೆ ಧೈರ್ಯ ಇದೆ ಕಣೇ" ಎಂದರು. "ಅದಕ್ಕಿಂತ ಇನ್ನೇನು ಹೇಳಲಿ?"

ಜುಲೈ ೧೨, ಶುಕ್ರವಾರ

ಬೆಳಿಗ್ಗೆ ಅಚ್ಚುಕೂಟಕ್ಕೆ ಹೋದೆ. ಕರಡಿನಲ್ಲಿ ತಪ್ಪು ಉಳಿಯಿತಲ್ಲ, ಅದು ಕೆಲಸದ ದೃಷ್ಟಿಯಿಂದ ಸರಿಯಲ್ಲ. ಬೇರೆ ಕಾರಣ ಇಲ್ಲ.

ಆ ಹದಿನಾರು ಪುಟದ ಫಾರಂ ಪೂರ್ತಿ ಅಚ್ಚಾಗಿ, ಕಟ್ಟು ಕಟ್ಟಾಗಿ ಗೋಡೆಗೆ ಒರಗಿತ್ತು. ಅಚ್ಚುಕೂಟದ ಯಜಮಾನರು ತಲೆ ಕೆರೆದುಕೊಂಡರು. "ಅಮ್ಮಾ, ಒಂದು ಪದಕ್ಕೆ ಯಾರಾದ್ರೂ ಇಷ್ಟು ಕಾಗದ ರದ್ದಿಗೆ ಹಾಕ್ತಾರಾ? ಕೊನೇಲಿ ತಪ್ಪು ಯಾವುದು, ಸರಿ ಯಾವುದು ಅಂತ ಒಂದು ಒಪ್ಪೋಲೆ ಸೇರಿಸಿ, ಮುಗೀತು."

"ಒಪ್ಪೋಲೆ ಯಾರು ಓದ್ತಾರೆ? ಮಕ್ಕಳು ಈ ಪುಟ ಓದ್ತಾರೆ."

"ಹಾಗಾದ್ರೆ ದೊಡ್ಡವರ ಚೀಟಿ ತನ್ನಿ."

ದೊಡ್ಡವರು ಕರಡನ್ನು ನೋಡಿ, "ತಜ್ಞರ ತಪ್ಪು ಇದು. ಅವರ ರುಜು ಇದೆ. ಅವರಿಗೊಂದು ಪತ್ರ ಬರೆಯೋಣ" ಎಂದರು.

ಆಗಲೂ ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ನಾನು ಒಂದನೇ ತಾರೀಖೇ ನೋಡಿದ್ದೆ ಸಾರ್."

"ನೋಡಿ?"

"ನೋಡಿಯೂ ಬಿಟ್ಟೆ ಸಾರ್."

"ಯಾಕ್ರೀ?"

"ಹೊಟ್ಟೆಕಿಚ್ಚು" ಎಂದೆ.

ಹದಿನೆಂಟು ವರ್ಷದಲ್ಲಿ ಅವರಿಗೆ ನಾನು ಒಂದೇ ಪದದಲ್ಲಿ ಉತ್ತರ ಕೊಟ್ಟದ್ದು ಇದೇ ಮೊದಲು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಫಾರಂ ಹೊಸದಾಗಿ ಅಚ್ಚು ಹಾಕಲು ಚೀಟಿ ಬರೆದುಕೊಟ್ಟರು. ಆಮೇಲೆ ಮೇಜಿನ ಡ್ರಾಯರಿನಿಂದ ಒಂದು ಲಕೋಟೆ ತೆಗೆದರು. "ಡಿಸೆಂಬರಿಗೆ ನಾನು ನಿವೃತ್ತ. ನನ್ನ ಕುರ್ಚಿಗೆ ನಿಮ್ಮ ಹೆಸರು ಬರೆದಿಟ್ಟಿದ್ದೆ. ನೋಡಿದ ತಪ್ಪನ್ನ ಬಿಡೋರನ್ನ ಈ ಕುರ್ಚಿ ಮೇಲೆ ಕೂರಿಸೋಕೆ ಆಗಲ್ಲ, ಅಲ್ವಾ?"

"ಆಗಲ್ಲ ಸಾರ್."

ಲ ಅಕ್ಷರದ ಚೀಟಿಗಳು ಬಾಕಿ ಇದ್ದವು. ಹೋಗಿ ಕೂತೆ.

ಜುಲೈ ೨೧, ಭಾನುವಾರ

ಅವಳು ಬಂದಿದ್ದಳು. ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಎಲ್ಲ ಹೇಳಿದೆ: ಒಂದು ಪಾಲು, ಐದು ಪಾಲು, ಎರಡನೆಯ ಸಾಲಿನಲ್ಲಿ ಕೂತು ನೋಡಬೇಕೆಂದಿದ್ದದ್ದು ಕೂಡ. ಕೇಳುತ್ತ ಕೇಳುತ್ತ ಅವಳ ಮುಖದಿಂದ ನಗು ಇಳಿಯಿತು. ಬಾಚಣಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅತ್ತೆಗೂ ಹೇಳದೆ ಹೋದಳು.

ಮಗಳು ನನ್ನನ್ನು ನೋಡಿದ ನೋಟ ಬರೆಯುವುದಿಲ್ಲ.

ಜುಲೈ ೨೮, ಭಾನುವಾರ

ಬರಲಿಲ್ಲ.

ಆಗಸ್ಟ್ ೪, ಭಾನುವಾರ

ಬರಲಿಲ್ಲ. ಅತ್ತೆ ನನ್ನ ಕೈಯಲ್ಲಿ ತಲೆ ಬಾಚಿಸಿಕೊಂಡರು. "ನಿನ್ನ ಕೈ ಬಿರುಸು, ಆದ್ರೆ ಸಿಕ್ಕು ಚೆನ್ನಾಗಿ ಬಿಡಿಸ್ತೀಯ" ಎಂದರು. ಇಪ್ಪತ್ತು ವರ್ಷ ಕಾದಿದ್ದ ಹೊಗಳಿಕೆ. ಬಂದ ಹೊತ್ತಿಗೆ ನನ್ನ ಕಿವಿ ಮೆಟ್ಟಿಲ ಕಡೆಗಿತ್ತು.

ಆಗಸ್ಟ್ ೧೧, ಭಾನುವಾರ

ನಾನೇ ಹೋದೆ. ಬಾಗಿಲು ಅರ್ಧ ತೆರೆದು ನಿಂತಳು.

"ನೀವು ತಪ್ಪು ಬಿಟ್ಟಿದ್ದಕ್ಕಲ್ಲ ಅಕ್ಕ ನನಗೆ ಸಿಟ್ಟು. ಬಂದು ಹೇಳಿದ್ರಲ್ಲ, ಅದಕ್ಕೆ. ಇಷ್ಟು ದಿನ ಬಿಟ್ಟವರು ನನ್ನ ಮನೆ ನೋಡಿದ ಮಾರನೇ ದಿನ ತಿದ್ದೋಕೆ ಓಡಿದ್ರಿ. ಪಾಪ ಅನ್ನಿಸ್ತು ನಿಮಗೆ."

"ಪಾಪವೂ ಇಲ್ಲ, ಪುಣ್ಯವೂ ಇಲ್ಲ" ಎಂದೆ. ಮೂರು ಮಹಡಿ ಹತ್ತಿ ಏದುಸಿರು ಬರುತ್ತಿತ್ತು. "ಈಗಲೂ ನಿನ್ನ ಕಂಡ್ರೆ ಹೊಟ್ಟೆ ಉರೀತದೆ ಕಣೇ. ಹೊಮ್ಮಿಸದ, ಹೀರದ, ತಡೆಯದ ಅಂತ ಬರೆದಿದ್ದೀಯಲ್ಲ, ಅಂಥದೊಂದು ಸಾಲು ನನ್ನಿಂದ ಹದಿನೆಂಟು ವರ್ಷದಲ್ಲಿ ಆಗಿಲ್ಲ. ನಿನ್ನ ಗಂಡ ಓಡಿಹೋದ್ರೂ ಆ ಸಾಲು ನಿನ್ನದೇ. ನನಗೆ ಅದು ಬೇಕಿತ್ತು."

ಅವಳು ನನ್ನನ್ನೇ ನೋಡಿದಳು. "ನಿಜವಾಗ್ಲೂ ಉರೀತಿದೆಯಾ?"

"ಭಗಭಗ ಅಂತ."

ನಗಲಾರಂಭಿಸಿದವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳುವವರೆಗೂ ಹೋದಳು. ನಾನು ಅವಳ ಬೆನ್ನು ಸವರಿದೆ. ಬಿರುಸು ಕೈಯಲ್ಲೇ. ಚಪ್ಪಲಿ ಹಾಕಿಕೊಂಡು ಜೊತೆಗೆ ಬಂದಳು. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳೇ ಹಿಡಿದಳು, ಕೇಳಲೂ ಇಲ್ಲ.

ಆಗಸ್ಟ್ ೨೫, ಭಾನುವಾರ

ತಂಗಿಗೆ, ಓರಗಿತ್ತಿ ಎಂಬ ಪದ ಬಿಟ್ಟಾಯಿತು, ಬೇರೆ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿದೆ. ಬಸ್ಸಿನಲ್ಲಿ ಆರು ಗಂಟೆಯ ದಾರಿ. ಮುಂದಿನ ಭಾನುವಾರ ಹೊರಡುತ್ತಾಳೆ. "ಇಲ್ಲೇ ಇದ್ರೆ, ಅವರು ಈ ಊರಲ್ಲಿ ಇಲ್ದಿದ್ರೂ, ಬೀದಿ ಬೀದಿಯಲ್ಲೂ ಅವರೇ ಸಿಗ್ತಾರೆ ಅನ್ನಿಸುತ್ತೆ ಅಕ್ಕ" ಎಂದಳು. ಒಳ್ಳೆಯದೇ ಎಂದೆ. ಇವರೂ ಒಳ್ಳೆಯದೇ ಎಂದರು. ಅತ್ತೆ ಮಾತ್ರ, "ಯಾವ ಒಳ್ಳೇದು? ಭಾನುವಾರ ನನ್ನ ತಲೆ ಯಾರು ಬಾಚ್ತಾರೆ?" ಎಂದು ಎಡಗೈಯಿಂದ ಹಾಸಿಗೆ ಬಡಿದರು. ಮಗಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಬಹಳ ಹೊತ್ತು ಕೂತಳು.

ದೊಡ್ಡವರ ಕುರ್ಚಿಗೆ ಹೊರಗಿನವರೊಬ್ಬರು ಬರುತ್ತಾರಂತೆ. ಬರಲಿ.

ಸೆಪ್ಟೆಂಬರ್ ೧೨, ಗುರುವಾರ

ಸಂಪುಟ ಬಿಡುಗಡೆಯಾಯಿತು. ಯಾವ ಮೇಷ್ಟ್ರೂ ಎದ್ದು ನಿಲ್ಲಲಿಲ್ಲ. ಕಾಣದ ದ್ರವ್ಯ ಎಂಬಲ್ಲಿ ಆರರಲ್ಲಿ ಐದು ಪಾಲು ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಎರಡನೆಯ ಅರ್ಥವಾಗಿ ಬೆಂಚಿನ ಮೇಲಿನ ಆಟಗಾರನ ವಾಕ್ಯವನ್ನೂ ಸೇರಿಸಿದ್ದೇವೆ, ಆಡುಬಳಕೆ ಎಂಬ ಗುರುತಿನೊಂದಿಗೆ. ಅದು ತಂಗಿಯ ಹಟ.

ಸಂಜೆ ಅವಳ ಫೋನು. ಊರು ಹೇಗಿದೆ ಎಂದೆ. ಚೆನ್ನಾಗಿದೆಯಂತೆ. ಮನೆ? ಚೆನ್ನಾಗಿದೆಯಂತೆ. "ಮನೆಯೊಡತಿ ಅಂತೂ ತುಂಬಾ ಒಳ್ಳೆಯವರು ಅಕ್ಕ. ಕೆಳಗಡೆಯೇ ಇರೋದು. ಭಾನುವಾರ ಊಟಕ್ಕೆ ಅಲ್ಲೇ ಬಾ ಅಂತಾರೆ. ಅವರನ್ನೂ ಅಕ್ಕ ಅಂತಲೇ ಕರೀತೀನಿ."

ಅವರನ್ನೂ. ಆ ಊಕಾರ ನೋಡಿ! ಒಂದೇ ಒಂದು ದೀರ್ಘ. ನನ್ನನ್ನು ಎತ್ತಿ ಯಾರೋ ಒಬ್ಬಳ ಪಕ್ಕದ ಕುರ್ಚಿಯಲ್ಲಿ ಕೂರಿಸಿಬಿಟ್ಟಿತು. ಹತ್ತು ದಿನದ ಪರಿಚಯಕ್ಕೆ ಅಕ್ಕ! ವಯಸ್ಸೆಷ್ಟು ಎಂದು ಕೇಳಿದೆ. ನಲವತ್ತು ಇರಬಹುದಂತೆ. ನಲವತ್ತಕ್ಕೆ ಅಕ್ಕ ಹೇಗಾಗುತ್ತಾಳೆ? ಅಕ್ಕ ಎಂದರೆ ಒಡಹುಟ್ಟಿದ ಹಿರಿಯಳು. ಗೌರವಾರ್ಥದಲ್ಲಿ ಬೇರೆಯವರಿಗೂ ಬಳಕೆ ಇದೆ, ನಾನು ಇಲ್ಲ ಎನ್ನುವುದಿಲ್ಲ. ಬಳಸುವವರು ಕೈ ಬಿಗಿ ಹಿಡಿದು ಬಳಸಬೇಕು.

ತಜ್ಞರಿಗೆ ಸಂಪುಟದ ಗೌರವಪ್ರತಿ ಕಳಿಸಬೇಕು. ಅಂಚೆಯಲ್ಲಿ ಕಳಿಸಿ ಎಂದರು ದೊಡ್ಡವರು. ಅಂಚೆಯಲ್ಲಿ ಹೋದ ಪುಸ್ತಕದ ಮೂಲೆ ನಜ್ಜುಗುಜ್ಜಾಗುತ್ತದೆ ಎಂದು ಹೇಳಿ ಕೈಚೀಲಕ್ಕೆ ಹಾಕಿಕೊಂಡೆ. ಶನಿವಾರ ಬೆಳಗಿನ ಆರೂವರೆಯ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ಎರಡು ದಿನ ಅತ್ತೆಯನ್ನು ಇವರು ಮತ್ತು ಮಗಳು ನೋಡಿಕೊಳ್ಳಲಿ.

ಭಾನುವಾರದ ಊಟಕ್ಕೆ ಆ ಮನೆಯೊಡತಿ ಏನು ಬಡಿಸುತ್ತಾಳೋ, ನಾನೂ ನೋಡುತ್ತೇನೆ.